ಅಪ್‌ಡೇಟ್: ಕಪ್ಪು ಪರದೆ ಹೋಯಿತು, ಡೆಸ್ಕ್‌ಟಾಪ್ ಬಂತು
ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹೊಸದಾದ ಮೇಲೆ ಗ್ರಾಫಿಕ್ಸ್ ಡ್ರೈವರ್ ಕೆಲಸ ಮಾಡದೆ ಬರೀ ಕಪ್ಪು ಪರದೆ ಕಾಣುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. ಸರಿಹೋಯಿತು!

ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿಕೊಳ್ಳಿ ಎಂದವರಿಗೆ ಮೊದಲ ನಮಸ್ಕಾರ. ಒಳಗೆ ಹೋಗಲು ದಾರಿಯಾದದ್ದೇ ಅದು. ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಡ್ರೈವರನ್ನು ತಡೆದಿರಬಹುದು ಎಂಬ ಅನುಮಾನ ನಿಜವಾಗಲಿಲ್ಲ, ಅದು ಆಫ್ ಆಗಿಯೇ ಇತ್ತು. ಆಯಾ ಕರ್ನಲ್‌ಗೆ ತಕ್ಕ ಡ್ರೈವರ್ ಮಾಡ್ಯೂಲ್ (ಕರ್ನಲ್‌ಗೆ ಸೇರುವ ತುಣುಕು) ಕಟ್ಟಿಕೊಡುವ ಸಾಧನ ಡಿಕೆಎಂಎಸ್. ಅದಕ್ಕೆ ‘ಡಿಕೆಎಂಎಸ್ ಸ್ಟೇಟಸ್’ ಆಜ್ಞೆ ಕೊಟ್ಟಾಗ ಗುಟ್ಟು ಹೊರಬಿತ್ತು: ಡ್ರೈವರ್ ಮಾಡ್ಯೂಲ್ ಹಳೆಯ ಕರ್ನಲ್‌ಗೆ ಮಾತ್ರ ಸಿದ್ಧವಾಗಿತ್ತು. ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ (ಮಾಡ್ಯೂಲ್ ಕಟ್ಟಲು ಬೇಕಾದ ಕಡತಗಳು) ನನ್ನಲ್ಲಿ ಇರಲೇ ಇಲ್ಲ. ಅದಿಲ್ಲದೆ ಮಾಡ್ಯೂಲ್ ಕಂಪೈಲ್ ಆಗುವುದಾದರೂ ಹೇಗೆ?

ಮಡಿಕೇರಿಯ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗಿ, ಹೆಡರ್ ಇಳಿಸಿಕೊಳ್ಳಲು ಎರಡು ದಿನ ಕಾದೆ. ಬಳಿಕ ‘ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಓಡಿಸಿ, ಹೊಸ ಕರ್ನಲ್‌ಗೂ ಮಾಡ್ಯೂಲ್ ಕಟ್ಟಿಸಿ, ಮರುಚಾಲನೆ ಮಾಡಿದೆ. ಡೆಸ್ಕ್‌ಟಾಪ್ ಕಂಡಾಗ ಆದ ಸಂತೋಷ ದೊಡ್ಡದು. ಹಳೆಯ ಕರ್ನಲನ್ನು ಮಾತ್ರ ಅಳಿಸುವುದಿಲ್ಲ.