ಹಾಸನದಲ್ಲಿ ತುಂಬಿದ ಕಂಟೇನರ್, ಇಟಲಿಯಲ್ಲಿ ತೆರೆದಾಗ ಮೂಟೆ ಒದ್ದೆ: ಸಮುದ್ರದ ನೀರಾ, ಒಳಗಿನ ಬೆವರಾ?

ಮಲ್ಲಂದೂರು ಕಾಫಿ:
ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಮಗಳೂರು ಕಡೆಯ ಕೆಲವು ಸಣ್ಣ ಬೆಳೆಗಾರರು ಸೇರಿ ಅರೇಬಿಕಾ ರಫ್ತು ಮಾಡುತ್ತೇವೆ. ಫೆಬ್ರವರಿಯಲ್ಲಿ ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಸಂಸ್ಕರಿಸುವ ಘಟಕ) 20 ಅಡಿಯ ಕಂಟೇನರ್ ತುಂಬಿಸಿದೆವು. 60 ಕೆ.ಜಿ.ಯ 320 ಗೋಣಿ ಮೂಟೆ. ಶಿರಾಡಿ ಘಾಟಿ ಇಳಿದು ಪಣಂಬೂರಿನ ನವ ಮಂಗಳೂರು ಬಂದರಿನಿಂದ ಹಡಗು ಹತ್ತಿತು.

ಇಟಲಿಯಲ್ಲಿ ಬಾಗಿಲು ತೆರೆದಾಗ ಸೀಲ್ ಸರಿಯಾಗೇ ಇತ್ತು. ಆದರೆ ಮೇಲಿನ ಸಾಲಿನ ಮೂಟೆಗಳು ಒದ್ದೆ, ಕೆಲವಕ್ಕೆ ಬೂಷ್ಟು ಹಿಡಿದಿದೆ. ಕೊಂಡವರ ಕಡೆಯವರು ಉಪ್ಪಿನಂಶ ಪತ್ತೆಮಾಡುವ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿ ನೋಡಿದರಂತೆ. ಬಿಳಿ ಬಂತು, ಹಾಗಾಗಿ ಇದು ಸಮುದ್ರದ ನೀರು ಅನ್ನುತ್ತಾರೆ. ಫಾರ್ವರ್ಡರ್ (ಸಾಗಣೆ ಏಜೆಂಟ್) "ಇದು ಕಂಟೇನರ್ ಬೆವರು, ಹಡಗಿನವರ ತಪ್ಪಲ್ಲ" ಅನ್ನುತ್ತಾರೆ. ಯಾರ ಮಾತು ನಂಬುವುದು? ಹಡಗಿನಲ್ಲಿ ಹಗಲು ರಾತ್ರಿ ವಾಚ್ (ಪಾಳಿಯ ಕಾವಲು) ಇರುತ್ತದಲ್ಲ, ಅವರು ನೋಡಿಕೊಳ್ಳಬೇಕಿತ್ತು ಅಲ್ವಾ?

ಹಾಸನದ ಮೇಟ್:
ನಮಸ್ಕಾರ ಅಣ್ಣ. ನಾನು ಹಡಗಿನಲ್ಲಿ ಚೀಫ್ ಆಫೀಸರ್, ಈಗ ರಜೆಯಲ್ಲಿ ಊರಲ್ಲಿದ್ದೇನೆ. ಸರಕಿನ ಜವಾಬ್ದಾರಿ ನನ್ನ ಹುದ್ದೆಯದೇ, ಹಾಗಾಗಿ ಈ ಜಗಳ ಚೆನ್ನಾಗಿ ಗೊತ್ತು. ಮೊದಲು ಇಷ್ಟು ಹೇಳಿ, ಆಮೇಲೆ ಮಾತಾಡೋಣ.

ಒದ್ದೆ ಎಲ್ಲಿ ಶುರುವಾಗಿದೆ? ಬಾಗಿಲ ಹತ್ತಿರವಾ, ಮೂಲೆಯಲ್ಲಾ, ಅಥವಾ ಚಾವಣಿಯ ಅಡಿಗೆ ಉದ್ದಕ್ಕೂ ಸಾಲಾಗಿ ಹನಿ ಬಿದ್ದ ಗುರುತಾ? ತುಂಬುವ ದಿನ ಬೀಜದ ತೇವಾಂಶ ಎಷ್ಟಿತ್ತು? ತೇವ ಹೀರುವ ಚೀಲ ಹಾಕಿದ್ದರೆ ಯಾವ ಬಗೆಯದು, ಎಲ್ಲಿ ಇಟ್ಟಿದ್ದರು? ಅಡಿಗೆ ಹಲಗೆ ಅಥವಾ ಪ್ಯಾಲೆಟ್ ಹಾಕಿದ್ದರೆ ಅದು ಒಣಗಿತ್ತಾ? ಕಂಟೇನರ್ ಹಡಗಿನ ಡೆಕ್ ಮೇಲೆ ಇತ್ತಾ, ಡೆಕ್ ಕೆಳಗಿನ ಸರಕಿನ ಕೋಣೆ ಅಂದರೆ ಹೋಲ್ಡ್ ಒಳಗಾ?

ಸಿಲ್ವರ್ ನೈಟ್ರೇಟ್ ಫಲಿತಾಂಶ ನೋಡಿ ಈಗಲೇ ತೀರ್ಮಾನಕ್ಕೆ ಬರಬೇಡಿ. ಅದು ಹೇಳುವುದು ಕ್ಲೋರೈಡ್ ಇದೆ ಅಂತ ಮಾತ್ರ. ಸಮುದ್ರದ್ದೇ ಅಂತ ಹೇಳುವುದಿಲ್ಲ.

ಸಕಲೇಶಪುರ ಕ್ಯೂರಿಂಗ್:
ಒಂದು ಮಾತು ಸೇರಿಸುತ್ತೇನೆ. ಕಂಟೇನರ್‌ನಲ್ಲಿ ತೂತು ಇದೆಯಾ ನೋಡಲು ಒಬ್ಬರು ಒಳಗೆ ನಿಂತು ಬಾಗಿಲು ಮುಚ್ಚಿಸಿಕೊಂಡು ಎಲ್ಲಾದರೂ ಬೆಳಕು ಬರುತ್ತದಾ ನೋಡುತ್ತೇವೆ. ಖಾಲಿ ಕಂಟೇನರ್ ನಮ್ಮ ಅಂಗಳಕ್ಕೆ ಬಂದ ತಕ್ಷಣ ಮಾಡುವ ಮೊದಲ ಕೆಲಸ ಇದು. ಚಾವಣಿ, ಮೂಲೆ, ಬಾಗಿಲ ರಬ್ಬರ್ ಮೂರನ್ನೂ ನೋಡಬೇಕು. ಇಟಲಿಯವರಿಗೂ ಅದನ್ನೇ ಮಾಡಿ ಫೋಟೋ ಕಳಿಸಲು ಹೇಳಿ.

ಹಾಸನದ ಮೇಟ್:
ಸರಿಯಾದ ಮಾತು. ಆದರೆ ಎಚ್ಚರ ಇರಲಿ. ಸರಕಿಗೆ ಹುಳದ ಮದ್ದಿನ ಹೊಗೆ ಕೊಟ್ಟಿದ್ದರೆ ಇಳಿಸಿದ ಮೇಲೂ ಫಾಸ್ಫೀನ್ ಅನಿಲ ಒಳಗೆ ಉಳಿದಿರಬಹುದು. ಎರಡೂ ಬಾಗಿಲು ತೆರೆದಿಟ್ಟು, ಗಾಳಿ ಆಡಲು ಬಿಟ್ಟು, ಮೀಟರ್‌ನಲ್ಲಿ ಅಳೆದ ಮೇಲೇ ಯಾರಾದರೂ ಒಳಗೆ ಹೋಗಬೇಕು. ಬಾಗಿಲು ಮುಚ್ಚಿಸಿಕೊಂಡು ನಿಲ್ಲುವವರಿಗಂತೂ ಇದು ಜೀವದ ಪ್ರಶ್ನೆ. ಹೊರಗೆ ಒಬ್ಬರು ಕಾಯುತ್ತಿರಲೇಬೇಕು.

ಮಲ್ಲಂದೂರು ಕಾಫಿ:
ಸಾರ್, ವಿಚಾರಿಸಿದೆ. ತುಂಬುವಾಗ ತೇವಾಂಶ 12% ಅಂತ ಕ್ಯೂರಿಂಗ್ ವರ್ಕ್ಸ್ ರಿಪೋರ್ಟಿನಲ್ಲಿದೆ. ಬೆಳಕಿನ ಪರೀಕ್ಷೆಯಲ್ಲಿ ತೂತು ಕಂಡಿಲ್ಲ, ರಬ್ಬರ್ ಕೂಡ ಸರಿಯಿದೆಯಂತೆ. ಫೋಟೋದಲ್ಲಿ ಚಾವಣಿಯ ಅಡಿಗೆ ಉದ್ದಕ್ಕೂ ಸಣ್ಣ ಸಣ್ಣ ಹನಿ ಗುರುತು, ಪಕ್ಕದ ಗೋಡೆಯಲ್ಲೂ ನೀರು ಇಳಿದ ಗೆರೆ. ನೆಲ ಒಣಗಿದೆ. ಕ್ರಾಫ್ಟ್ ಪೇಪರನ್ನು (ದಪ್ಪ ಕಂದು ಕಾಗದ) ಗೋಡೆಗೆ ಮಾತ್ರ ಹಾಕಿದ್ದಾರೆ, ಮೂಟೆಗಳ ಮೇಲೆ ಹೊದಿಸಿಲ್ಲ. ತೇವ ಹೀರುವುದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳು. ತುಂಬುವಾಗ ತೆಗೆದ ಫೋಟೋದಲ್ಲಿ ಅವನ್ನು ಮೇಲಿನ ಮೂಟೆಗಳ ಮೇಲೆ ಮಲಗಿಸಿರುವುದು ಕಾಣುತ್ತದೆ. ಕಂಟೇನರ್ ಡೆಕ್ ಮೇಲಿತ್ತು ಅಂತ ಫಾರ್ವರ್ಡರ್ ಹೇಳಿದರು.

ಹಾಸನದ ಮೇಟ್:
ಈಗ ಚಿತ್ರ ಸ್ಪಷ್ಟವಾಗುತ್ತಿದೆ. ನನ್ನ ಅಭಿಪ್ರಾಯ: ನೀರು ಹೊರಗಿನಿಂದ ಬಂದಿಲ್ಲ. ನಿಮ್ಮ ಕಾಫಿಯಿಂದಲೇ ಬಂದಿದೆ.

ಲೆಕ್ಕ ನೋಡಿ. 320 ಮೂಟೆ ಅಂದರೆ 19,200 ಕೆ.ಜಿ. ಅದರಲ್ಲಿ 12% ತೇವಾಂಶ ಅಂದರೆ 2,300 ಲೀಟರ್ ನೀರು. ಎರಡು ಸಿಂಟೆಕ್ಸ್ ಟ್ಯಾಂಕಿನಷ್ಟು ನೀರನ್ನು ಬೀಜದೊಳಗೆ ಇಟ್ಟು ಕಬ್ಬಿಣದ ಪೆಟ್ಟಿಗೆಗೆ ಸೀಲ್ ಹಾಕಿದ್ದೀರಿ. 12% ತಪ್ಪಲ್ಲ. ಸಾಗಣೆಗೆ ಒಪ್ಪುವ ಮಿತಿ 12.5%. ಆದರೆ ಅದರಲ್ಲಿ ಒಂದು ಸಣ್ಣ ಪಾಲು ಗಾಳಿಗೆ ಬಂದರೂ ಸಾಕು, ಮೇಲಿನ ಸಾಲು ತೊಯ್ಯುತ್ತದೆ.

ಅದು ಗಾಳಿಗೆ ಹೇಗೆ ಬರುತ್ತದೆ? ಅಷ್ಟು ತೇವದ ಕಾಫಿ ಸುತ್ತಲಿನ ಗಾಳಿಯನ್ನು ಹೆಚ್ಚುಕಡಿಮೆ 65% ಆರ್ದ್ರತೆಯಲ್ಲಿ ಇಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಒಳಗೆ 30 ಡಿಗ್ರಿ ಇದೆ ಅಂದುಕೊಳ್ಳಿ. ಆ ಗಾಳಿಯ ಡ್ಯೂ ಪಾಯಿಂಟ್ ಸುಮಾರು 23 ಡಿಗ್ರಿ. ಅಂದರೆ ಚಾವಣಿಯ ತಗಡು 23ಕ್ಕಿಂತ ತಣ್ಣಗಾದ ಕ್ಷಣದಿಂದ ಅದರ ಒಳಮೈ ಬೆವರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಮೆಡಿಟರೇನಿಯನ್ ರಾತ್ರಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಬೀಜ ಮಾತ್ರ ಬೇಗ ತಣಿಯುವುದಿಲ್ಲ. 19 ಟನ್ ರಾಶಿ ದಿನಗಟ್ಟಲೆ ಬೆಚ್ಚಗಿದ್ದು ತೇವ ಬಿಡುತ್ತಲೇ ಇರುತ್ತದೆ. ಡೆಕ್ ಮೇಲಿದ್ದರೆ ಇನ್ನೂ ಕಷ್ಟ. ಹಗಲು ಬಿಸಿಲಿಗೆ ತಗಡು ಕಾಯುತ್ತದೆ, ರಾತ್ರಿ ಗಾಳಿಗೆ ತಣಿಯುತ್ತದೆ. ಪ್ರತಿ ದಿನ ಒಂದು ಸುತ್ತು ತೇವ ಮೇಲೇರಿ ಹನಿಯಾಗಿ ಬೀಳುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋದವು. ನಿಮ್ಮದೂ ಆ ದಾರಿಯಲ್ಲೇ ಹೋಗಿದ್ದರೆ ಸೆಕೆ, ಚಳಿ ಎರಡೂ ಹೆಚ್ಚು ದಿನ ಸಿಕ್ಕಿರುತ್ತದೆ.

ಇನ್ನು ಬಿಳಿ ಬಣ್ಣದ ಗುಟ್ಟು. ಕ್ಯಾಲ್ಸಿಯಂ ಕ್ಲೋರೈಡ್ ತೇವ ಹೀರಿ ಹೀರಿ ಕೊನೆಗೆ ಉಪ್ಪುನೀರೇ ಆಗುತ್ತದೆ. ಚೀಲ ಹರಿದರೆ ಅಥವಾ ತುಂಬಿ ಜಿನುಗಿದರೆ ಆ ನೀರು ಗೋಣಿಗೆ ಇಳಿಯುತ್ತದೆ. ಅದರಲ್ಲೂ ಕ್ಲೋರೈಡ್ ಇದೆಯಲ್ಲ, ಸಿಲ್ವರ್ ನೈಟ್ರೇಟ್ ಹಾಲಿನಂತೆ ಬೆಳ್ಳಗಾಗಿಯೇ ಆಗುತ್ತದೆ. ಬೆವರಿದ ಕೈಯಲ್ಲಿ ಮುಟ್ಟಿದ ಗೋಣಿಯೂ ಸ್ವಲ್ಪ ಬಿಳಿ ಕೊಡಬಹುದು.

ಹಾಗಾಗಿ ಹೀಗೆ ಮಾಡಿಸಿ. ಹೀರುವ ಚೀಲದಿಂದ ದೂರ ಇರುವ ಒದ್ದೆ ಮೂಟೆಯ ಗೋಣಿ ಒಂದು ಚೂರು, ಚೀಲದ ಕೆಳಗಿನದು ಒಂದು ಚೂರು, ಪೂರ್ತಿ ಒಣಗಿದ ಮೂಟೆಯದು ಇನ್ನೊಂದು. ಮೂರನ್ನೂ ಬೇರೆ ಬೇರೆ ಕಟ್ಟಿ ಲ್ಯಾಬ್‌ಗೆ ಕೊಡಲಿ. ಸೋಡಿಯಂ ಎಷ್ಟು, ಮೆಗ್ನೀಷಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು ಅಂತ ಕೇಳಲಿ. ಸಮುದ್ರದ ನೀರಿನಲ್ಲಿ ಲೀಟರಿಗೆ 10 ಗ್ರಾಂಗಿಂತ ಜಾಸ್ತಿ ಸೋಡಿಯಂ ಇರುತ್ತದೆ, ಕ್ಯಾಲ್ಸಿಯಂ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಕ್ಯಾಲ್ಸಿಯಂ ಮೇಲುಗೈ ಆದರೆ ಉತ್ತರ ಸಿಕ್ಕಿತು.

ಆಲೂರು ಕೆಡೆಟ್:
ಅಣ್ಣ, ನಾನು ಬಲ್ಕ್ ಹಡಗಿನಲ್ಲಿ (ಕಂಟೇನರ್ ಇಲ್ಲದೆ ಸರಕನ್ನು ನೇರ ಹೋಲ್ಡ್‌ಗೆ ತುಂಬುವ ಹಡಗು) ಡೆಕ್ ಕೆಡೆಟ್, ಅಂದರೆ ತರಬೇತಿಯಲ್ಲಿದ್ದೇನೆ. ವಾಚ್‌ನಲ್ಲಿರುವವರು ಇದನ್ನು ತಡೆಯಬಹುದಿತ್ತಾ? ನಮ್ಮ ಹಡಗಿನಲ್ಲಿ ಹೋಲ್ಡ್‌ಗೆ ಗಾಳಿ ಬಿಡುವುದು, ಮುಚ್ಚುವುದು ಯಾವಾಗ ಅಂತ ನನಗೆ ಇನ್ನೂ ಗೊಂದಲ ಇದೆ.

ಹಾಸನದ ಮೇಟ್:
ತಮ್ಮ, ಒಳ್ಳೆ ಪ್ರಶ್ನೆ. ಕಂಟೇನರ್ ಹಡಗಿನಲ್ಲಿ ತಡೆಯಲು ಆಗುವುದಿಲ್ಲ. ಸೀಲ್ ಹಾಕಿದ ಪೆಟ್ಟಿಗೆಯನ್ನು ಹಡಗಿನವರು ತೆರೆಯುವಂತಿಲ್ಲ. ಅದರ ಗೋಡೆಯಲ್ಲಿರುವ ಪುಟ್ಟ ಕಿಂಡಿಗಳು ಒತ್ತಡ ಸರಿದೂಗಿಸುವುದಕ್ಕೆ, ಗಾಳಿಯಾಡಿಸುವುದಕ್ಕಲ್ಲ. ಬ್ರಿಡ್ಜ್ ಮೇಲೆ ವಾಚ್ ಇರುವವರ ಮೊದಲ ಕೆಲಸ ಕಣ್ಣು, ಕಿವಿ ತೆರೆದು ಸುತ್ತ ನೋಡುವುದು. ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೆಯದು ಅದೇ. ಡೆಕ್ ಸುತ್ತುವವರು ಲ್ಯಾಶಿಂಗ್ (ಕಂಟೇನರ್ ಕಟ್ಟಿದ ಸರಳು) ಬಿಗಿ ಇದೆಯಾ, ರೀಫರ್ (ಶೀತಲ) ಕಂಟೇನರ್ ತಾಪಮಾನ ಸರಿ ಇದೆಯಾ, ಹೋಲ್ಡ್‌ನ ಬಿಲ್ಜ್‌ನಲ್ಲಿ (ತಳದ ನೀರುಗುಂಡಿ) ನೀರು ಏರಿದೆಯಾ ನೋಡುತ್ತಾರೆ. ಸಾವಿರಾರು ಪೆಟ್ಟಿಗೆಗೆ ಇಪ್ಪತ್ತು ಚಿಲ್ಲರೆ ಜನ. ಅವರಿಗೂ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ 77 ಗಂಟೆ ವಿಶ್ರಾಂತಿ ಕೊಡಲೇಬೇಕು. ಅದು ಕಾನೂನು, ಮತ್ತು ನಿದ್ದೆಗೆಟ್ಟ ವಾಚ್‌ನಿಂದ ಸರಕಿಗೂ ಜೀವಕ್ಕೂ ಅಪಾಯ.

ನಿನ್ನ ಬಲ್ಕ್ ಹಡಗಿನ ಕಥೆ ಬೇರೆ. ಅಲ್ಲಿ ವಾಚ್‌ನ ಕೈಯಲ್ಲಿ ನಿಜವಾಗಿಯೂ ಅಧಿಕಾರ ಇದೆ. ಹೊರಗಿನ ಗಾಳಿಯ ಡ್ಯೂ ಪಾಯಿಂಟ್ ಹೋಲ್ಡ್ ಒಳಗಿನದಕ್ಕಿಂತ ಕಡಿಮೆ ಇದ್ದರೆ ಗಾಳಿ ಬಿಡು. ಜಾಸ್ತಿ ಇದ್ದರೆ ಮುಚ್ಚು. ಒಳಗಿನದು ಅಳೆಯಲು ಆಗದಿದ್ದರೆ ಮೂರು ಡಿಗ್ರಿ ನಿಯಮ ಇದೆ. ಲೋಡ್ ಮಾಡುವಾಗ ಅಳೆದ ಸರಕಿನ ತಾಪಮಾನಕ್ಕಿಂತ ಹೊರಗಿನ ಗಾಳಿ 3 ಡಿಗ್ರಿಯಾದರೂ ತಣ್ಣಗಿದ್ದರೆ ಮಾತ್ರ ಬಿಡಬೇಕು. ಮಳೆ, ಮಂಜು, ಅಲೆ ಸಿಡಿಯುತ್ತಿದ್ದಾಗ ಯಾವ ಲೆಕ್ಕವೂ ಬೇಡ, ಮುಚ್ಚು. ಯುರೋಪಿನ ಚಳಿಯಲ್ಲಿ ಹತ್ತಿಸಿದ ಉಕ್ಕಿನ ಸುರುಳಿ ನಮ್ಮ ಕಡೆ ಬರುವಾಗ ಬೆಚ್ಚಗಿನ ಗಾಳಿ ಒಳಗೆ ಬಿಟ್ಟರೆ ಸರಕಿನ ಮೇಲೇ ನೀರು ಕೂರುತ್ತದೆ, ತುಕ್ಕು ಹಿಡಿಯುತ್ತದೆ. ಕಾಫಿಗೆ ಆದದ್ದರ ಉಲ್ಟಾ ಇದು.

ಪ್ರತಿ ವಾಚ್‌ನಲ್ಲೂ ಓದಿದ ಅಂಕಿಗಳನ್ನು ಲಾಗ್‌ನಲ್ಲಿ ಬರೆ. ಗಾಳಿ ಬಿಡದಿದ್ದರೆ ಯಾಕೆ ಬಿಡಲಿಲ್ಲ ಅಂತಲೂ ಬರೆ. ಮುಂದೆ ದಾವೆ ಬಂದರೆ ಹಡಗನ್ನು ಕಾಯುವುದು ಆ ಸಾಲುಗಳು. ತಾಪಮಾನ ಅಳೆಯಲು ಅಂತ ಸುಮ್ನೆ ಹೋಲ್ಡ್‌ಗೆ ಇಳಿಯಬೇಡ. ಕಲ್ಲಿದ್ದಲು, ಮರದ ದಿಮ್ಮಿ, ಕಬ್ಬಿಣದ ಚೂರು ಒಳಗಿನ ಆಮ್ಲಜನಕವನ್ನು ತಿಂದುಬಿಡುತ್ತವೆ. ಹೋಲ್ಡ್‌ಗೆ ಇಳಿಯುವ ಏಣಿಯ ಗೂಡಿನಲ್ಲೂ ಅದೇ ಅಪಾಯ. ಮೀಟರ್ 20.9% ಆಮ್ಲಜನಕ ತೋರಿಸಬೇಕು, ಪರ್ಮಿಟ್ ಇರಬೇಕು, ಇಳಿಯುವ ಬಾಯಿಯ ಹತ್ತಿರ ಹೊರಗೆ ಒಬ್ಬರು ನಿಂತಿರಬೇಕು. ಯಾರಾದರೂ ಒಳಗೆ ಬಿದ್ದಿದ್ದು ಕಂಡರೆ ಹಿಂದೆಯೇ ಧುಮುಕಬೇಡ, ಅಲಾರಂ ಒತ್ತು. ಕಾಪಾಡಲು ಹೋದವರೇ ಸತ್ತ ಪ್ರಕರಣಗಳು ಹಡಗಿನಲ್ಲಿ ತುಂಬಾ ಇವೆ.

ಮಲ್ಲಂದೂರು ಕಾಫಿ:
ಸಾರ್, ತುಂಬಾ ಉಪಕಾರ. ಲ್ಯಾಬ್‌ಗೆ ಕೊಡಲು ಹೇಳಿದ್ದೇನೆ. ಕ್ಲೇಮ್ ಬಿಟ್ಟುಬಿಡುವುದಾ? ಮುಂದಿನ ಲೋಡ್‌ಗೆ ಏನು ಬದಲಾಯಿಸಲಿ?

ಹಾಸನದ ಮೇಟ್:
ಬಿಡಬೇಡಿ, ಲ್ಯಾಬ್ ಉತ್ತರ ಬರುವವರೆಗೆ ಹಕ್ಕು ಉಳಿಸಿಕೊಳ್ಳಿ. ಸಮುದ್ರ ಸಾಗಣೆಯ ಅಂತರರಾಷ್ಟ್ರೀಯ ಹೇಗ್-ವಿಸ್ಬಿ ನಿಯಮದಲ್ಲಿ, ಹೊರಗೆ ಕಾಣದ ಹಾನಿಗೆ ಸರಕು ಪಡೆದ 3 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು, ದಾವೆಗೆ 1 ವರ್ಷ. ಕೊಂಡವರು ನೋಟಿಸ್ ಕೊಟ್ಟಿದ್ದಾರಾ ಇವತ್ತೇ ಕೇಳಿ. ವಿಮೆಯವರಿಗೂ ತಿಳಿಸಿ. ಆದರೆ ಸರಕಿನ ಸ್ವಂತ ಗುಣದಿಂದ ಅಥವಾ ಸಾಲದ ಪ್ಯಾಕಿಂಗ್‌ನಿಂದ ಆದ ಹಾನಿಯನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಅದನ್ನು ತಿಳಿದೇ ಮಾತಾಡಿ.

ಮುಂದಿನ ಸಲ ಬೀಜವನ್ನು 11%ರ ಆಸುಪಾಸಿಗೆ ತನ್ನಿ, ಒಂದೇ ಮೂಟೆಯಲ್ಲಿ ಅಲ್ಲ, ರಾಶಿಯ ಬೇರೆ ಬೇರೆ ಕಡೆ ಅಳೆಯಿರಿ. ಕಂಟೇನರ್‌ನ ಮರದ ನೆಲವನ್ನೂ ಅಳೆಯಿರಿ. ತೊಳೆದು ತಂದ ಕಂಟೇನರ್ ಒಣಗದೇ ಬಂದಿದ್ದರೆ ವಾಪಸ್ ಕಳಿಸಿ. ಮಳೆಗಾಲದಲ್ಲಿ ತುಂಬುವುದಾದರೆ ಶೆಡ್ ಒಳಗೇ ತುಂಬಿಸಿ. ಹೀರುವ ಚೀಲ ಗೋಡೆಯ ಕೊಂಡಿಗೆ ನೇತಾಡಲಿ, ಮೂಟೆಗೆ ತಾಗಬಾರದು, ತಳದಲ್ಲಿ ನೀರು ಹಿಡಿಯುವ ಜೇಬಿರುವುದನ್ನೇ ಕೊಳ್ಳಿ. ಮೇಲಿನ ಸಾಲಿನ ಮೇಲೆ ಕ್ರಾಫ್ಟ್ ಪೇಪರ್ ಹೊದಿಸಿ, ಪ್ಲಾಸ್ಟಿಕ್ ಬೇಡ. ಬುಕಿಂಗ್ ಮಾಡುವಾಗಲೇ ಡೆಕ್ ಕೆಳಗೆ, ಇಂಜಿನ್ ಮತ್ತು ಬಿಸಿ ಇಂಧನ ಟ್ಯಾಂಕಿನಿಂದ ದೂರ ಇಡಲು ಬರಹದಲ್ಲಿ ಕೇಳಿ. ಹಡಗಿನವರು ಎಲ್ಲ ಸಲ ಒಪ್ಪುವುದಿಲ್ಲ, ಆದರೂ ಕೇಳಿದ ದಾಖಲೆ ನಿಮ್ಮ ಕೈಯಲ್ಲಿರಲಿ. ಲ್ಯಾಬ್ ರಿಪೋರ್ಟ್ ಬಂದ ಮೇಲೆ ಅಂಕಿಗಳನ್ನು ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.