ಲೇಕ್ ಪಕ್ಕದ ದಿಮ್ಮಿ ಮನೆ: ಫಿನಿಶಿಂಗ್‌ಗೆ ಮುಂಚೆ ಏನೇನು ನೋಡಿಕೊಳ್ಳಬೇಕು?

ಕೇಳಿದ್ದು: ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನ್ನಿಯಾಪೊಲಿಸ್‌ನಲ್ಲಿ. ಡುಲುತ್‌ನಿಂದ ಉತ್ತರಕ್ಕೆ, ಒಂದು ಲೇಕ್ ದಡದಲ್ಲಿ ರೆಡ್ ಪೈನ್ ದಿಮ್ಮಿಗಳ ಸಣ್ಣ ಮನೆ ಕಟ್ಟಿಸುತ್ತಿದ್ದೇವೆ. ಹಸಿ ದಿಮ್ಮಿ. ಗೋಡೆ, ಮಾಡು ಎದ್ದಿದೆ. ಕಿಟಕಿ, ಅಡುಗೆಮನೆ, ಬಣ್ಣ, ಡೆಕ್ ಎಲ್ಲ ಬಾಕಿ. ವೀಕೆಂಡ್‌ನಲ್ಲಿ ನಾವೇ ಮಾಡಿಕೊಳ್ಳೋಣ ಅಂತಿದ್ದೇವೆ. ಅನುಭವ ಇರುವವರು ಹೇಳಿ. ಹೊರಗೋಡೆಗೆ ವಾರ್ನಿಷ್ ಸಾಕಾ? ಮರದ ಬಣ್ಣ ಇದ್ದ ಹಾಗೇ ಕಾಣಬೇಕು ಅಂತ ನಮ್ಮ ಯಜಮಾನರ ಆಸೆ.

ಉತ್ತರ 1: ಮೇಡಂ, ಬಣ್ಣದ ವಿಷಯ ಆಮೇಲೆ. ನಿಮ್ಮ ಗೋಡೆ ಇನ್ನೂ ಇಳಿಯುತ್ತದೆ, ಅದನ್ನು ಮೊದಲು ನೋಡಿ.

ದಿಮ್ಮಿ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ದಪ್ಪದಲ್ಲಿ ಚೆನ್ನಾಗಿ ಕುಗ್ಗುತ್ತದೆ. ಒಂದರ ಮೇಲೊಂದು ಮಲಗಿಸಿದ್ದಲ್ವಾ, ಎಲ್ಲ ಸೇರಿ ಗೋಡೆಯೇ ಗಿಡ್ಡವಾಗುತ್ತದೆ. ಹಸಿ ದಿಮ್ಮಿಗೆ ಇಲ್ಲಿನ ಬಡಗಿಗಳು ಅಡಿಗೆ ಮುಕ್ಕಾಲು ಇಂಚು ಲೆಕ್ಕ ಇಟ್ಟುಕೊಳ್ಳುತ್ತಾರೆ. 8 ಅಡಿ ಗೋಡೆಗೆ 6 ಇಂಚು! ಕೆಲವು ವರ್ಷ ಹಿಡಿಯುತ್ತದೆ, ಆದರೆ ಇಳಿಯುತ್ತದೆ.

ನಾವು ಕಿಟಕಿಯ ಮೇಲೆ ಬರೀ 2 ಇಂಚು ಜಾಗ ಬಿಟ್ಟಿದ್ದೆವು. ಎರಡನೇ ಚಳಿಗಾಲಕ್ಕೆ ಅಡುಗೆಮನೆ ಕಿಟಕಿ ತೆರೆಯಲೇ ಇಲ್ಲ. ಊರಲ್ಲಿ ಮಳೆಗಾಲಕ್ಕೆ ಹಲಸಿನ ಬಾಗಿಲು ಉಬ್ಬಿ ಬಿಗಿಯಾಗುತ್ತದಲ್ಲ, ಅಂಥದ್ದೇ ಇರಬೇಕು ಅಂತ ಸುಮ್ನಿದ್ದೆ. ಬೇಸಿಗೆ ಬಂದರೂ ಬಿಡಲಿಲ್ಲ. ನೋಡಿದರೆ ಮೇಲಿನ ದಿಮ್ಮಿ ಚೌಕಟ್ಟಿನ ಮೇಲೆ ಕೂತುಬಿಟ್ಟಿತ್ತು. ಕಿಟಕಿ ಕಳಚಿ, ದಿಮ್ಮಿ ಕೊಯ್ದು ಮತ್ತೆ ಕೂರಿಸಿದೆವು. ನೀವು ಕಿಟಕಿಯ ಎತ್ತರಕ್ಕೆ ಅಡಿಗೆ ಮುಕ್ಕಾಲು ಇಂಚಿನಂತೆ ಪೂರ್ತಿ ಜಾಗ ಬಿಡಿ. ಅದರಲ್ಲಿ ಮೆತ್ತನೆ ಇನ್ಸುಲೇಷನ್ ತುಂಬಿ, ಮೇಲೆ ಒಂದು ಪಟ್ಟಿ ಹೊಡೆಯಿರಿ. ಪಟ್ಟಿಯ ಮೊಳೆ ದಿಮ್ಮಿಗೆ ಮಾತ್ರ, ಚೌಕಟ್ಟಿಗೆ ಬೇಡ.

ಇದೇ ಲೆಕ್ಕ ಎಲ್ಲ ಕಡೆ. ನಿಂತ ಕಂಬ ಕುಗ್ಗುವುದಿಲ್ಲ. ಗೋಡೆ ಇಳಿದು ಕಂಬ ಇದ್ದಲ್ಲೇ ಇದ್ದರೆ ಮಾಡು ನಡುವೆ ಉಬ್ಬಿ ನಿಲ್ಲುತ್ತದೆ. ಅದಕ್ಕೇ ಕಂಬಕ್ಕೆ ಸ್ಕ್ರೂ ಜಾಕ್ ಇಡುವುದು. ಚಂದ ಕಾಣಲಿ ಅಂತ ಅದನ್ನು ಕೈಗೆ ಸಿಗದ ಹಾಗೆ ಮುಚ್ಚಿಬಿಡಬೇಡಿ, ಆಗಾಗ ತಿರುಗಿಸಿ ಇಳಿಸಬೇಕು. ಅಡುಗೆಮನೆ ಕಪಾಟನ್ನೂ ನಾಲ್ಕೈದು ದಿಮ್ಮಿಗೆ ಸೇರಿಸಿ ಬಿಗಿಯಬೇಡಿ. ಸ್ಕ್ರೂ ತೂತನ್ನು ಮೇಲೆ ಕೆಳಗೆ ಉದ್ದ ಮಾಡಿಕೊಳ್ಳಿ.

ಮೊದಲ ಚಳಿಗಾಲ ಹೀಟರ್ ಒಮ್ಮೆಲೇ ಜಾಸ್ತಿ ಇಡಬೇಡಿ. ದಿಮ್ಮಿ ಬೇಗ ಒಣಗಿ ದೊಡ್ಡ ದೊಡ್ಡ ಸೀಳು ಬಿಡುತ್ತದೆ.

ಉತ್ತರ 2: ಯಜಮಾನರಿಗೆ ಬೇಜಾರಾದರೂ ಸರಿ, ವಾರ್ನಿಷ್ ಬೇಡ. ಅದು ಪೊರೆ ಕಟ್ಟುತ್ತದೆ. ಒಳಗಿನ ತೇವ ಹೊರಬರಲಾಗದೆ ಪೊರೆ ಏಳುತ್ತದೆ. ನಾನು ಹೊಡೆದಿದ್ದೆ, ಮೂರನೇ ವರ್ಷ ಜೋಳದ ದಿಂಡಿನ ಪುಡಿಯನ್ನು ಗಾಳಿಯಲ್ಲಿ ಚಿಮ್ಮಿಸಿ ಕೆರೆಸಿದೆ. ತಮಾಷೆಯಲ್ಲ, ಇಲ್ಲಿ ಅದೇ ಕ್ರಮ. ಮುಸುಕಿನ ಜೋಳದ ದಿಂಡಿಗೆ ಅಷ್ಟು ದುಡ್ಡು ಕೊಡುತ್ತೇನೆ ಅಂತ ಅಂದುಕೊಂಡೇ ಇರಲಿಲ್ಲ.

ದಿಮ್ಮಿಗೆಂದೇ ಬರುವ, ತೇವ ಹೊರಬಿಡುವ (ಉಸಿರಾಡುವ) ಸ್ಟೈನ್, ಅಂದರೆ ಮರಕ್ಕೆ ಹಚ್ಚುವ ತೆಳು ಬಣ್ಣ, ತಗೊಳ್ಳಿ. ಸ್ವಲ್ಪವಾದರೂ ಬಣ್ಣ ಇರಲಿ, ಬಿಸಿಲು ತಡೆಯುವುದು ಆ ಬಣ್ಣವೇ. ತೇವ ಅಳೆಯುವ ಮೀಟರ್ 19% ಒಳಗೆ ತೋರಿಸುವವರೆಗೆ ಡಬ್ಬಿ ತೆರೆಯಬೇಡಿ. ಮೊದಲು ಬೋರೇಟ್ ಉಪ್ಪಿನ ದ್ರಾವಣ ಹೊಡೆಯಿರಿ, ಹುಳ ಮತ್ತು ಬೂಷ್ಟಿಗೆ ಅದು ಒಳ್ಳೆಯದು. ಆದರೆ ಮಳೆಗೆ ತೊಳೆದುಹೋಗುತ್ತದೆ, ಒಣಗಿದ ಮೇಲೆ ಸ್ಟೈನ್ ತಡಮಾಡಬೇಡಿ. ಸ್ಪ್ರೇ ಮಾಡಿದರೂ ಹಿಂದೆಯೇ ಬ್ರಷ್ ಆಡಿಸಿ. ನೀರಿನ ಕಡೆಯ ಗೋಡೆಗೆ ಬಿಸಿಲು ಎರಡು ಸಲ, ಆಕಾಶದಿಂದ ಒಮ್ಮೆ, ನೀರಿಂದ ಒಮ್ಮೆ. ಅದು ಬೇಗ ಮಾಸುತ್ತದೆ. ವರ್ಷಕ್ಕೊಮ್ಮೆ ಒಂದು ಚೊಂಬು ನೀರು ಎರಚಿ ನೋಡಿ. ಮುತ್ತಿನ ಹಾಗೆ ಜಾರಿದರೆ ಸರಿ. ಹೀರಿಕೊಂಡು ಕಪ್ಪಾದರೆ ಮತ್ತೊಂದು ಕೋಟ್.

ಉತ್ತರ 3: ಡೆಕ್‌ಗೂ ಕೌಂಟಿ (ಇಲ್ಲಿನ ಜಿಲ್ಲೆ) ಆಫೀಸಿನಲ್ಲಿ ಕೇಳಿಯೇ ಕೈ ಹಾಕಿ. ಮಿನ್ನೆಸೋಟದಲ್ಲಿ ಒಳಚರಂಡಿ ಇಲ್ಲದ ಕಡೆ, ಲೇಕ್ ಯಾವ ವರ್ಗದ್ದು ಅನ್ನುವುದರ ಮೇಲೆ ಕಟ್ಟಡ ನೀರಿನಿಂದ 75, 100 ಅಥವಾ 150 ಅಡಿ ದೂರ ಇರಬೇಕು. ಅದು ರಾಜ್ಯದ ಕನಿಷ್ಠ ಲೆಕ್ಕ, ಕೌಂಟಿಯದು ಇನ್ನೂ ಬಿಗಿ ಇರಬಹುದು. ಉತ್ತರದಲ್ಲಿ ಪಾಯ 60 ಇಂಚು ಇಳಿಯಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿದ ಮಣ್ಣು ಎತ್ತಿಬಿಡುತ್ತದೆ.

ಉತ್ತರ 4: ನಾವು ತೀರ್ಥಹಳ್ಳಿ ಕಡೆಯವರು ಕಣಮ್ಮಾ, ಗೆದ್ದಲು ನೋಡಿ ಬೆಳೆದವರು. ಇಲ್ಲಿ ದಪ್ಪ ಕರಿ ಇರುವೆ ಕಾಟ, ಕಾರ್ಪೆಂಟರ್ ಆಂಟ್ ಅಂತಾರೆ. ಮರ ತಿನ್ನುವುದಿಲ್ಲ, ಒದ್ದೆ ಮರ ಕೊರೆದು ಗೂಡು ಮಾಡುತ್ತವೆ. ಗೋಡೆ ಬುಡದಲ್ಲಿ ಹೊಟ್ಟಿನಂಥ ಪುಡಿ ಕಂಡರೆ ಮೇಲೆ ಎಲ್ಲಿ ಸೋರುತ್ತಿದೆ ಅಂತ ಹುಡುಕಿ. ಸೌದೆಯನ್ನು ಗೋಡೆಗೆ ಒರಗಿಸಿ ಜೋಡಿಸಬೇಡಿ. ಮಾಡಿನ ಚಾಚು ಸಾಲದಿದ್ದರೆ ನೆಲಕ್ಕೆ ಬಿದ್ದ ಮಳೆ ಸಿಡಿದು ಕೆಳಗಿನ ದಿಮ್ಮಿಗೇ ಹೊಡೆಯುತ್ತದೆ, ಒಂದು ಗಟರ್ ಹಾಕಿಸಿಬಿಡಿ. ಮತ್ತೆ, ಒಲೆ ಮೇಲೆ ಹೊರಗೆ ಹೋಗುವ ಚಿಮಣಿಯೇ ಇರಲಿ. ಇಂಗಿನ ಒಗ್ಗರಣೆ ವಾಸನೆ ಮರಕ್ಕೆ ಹತ್ತಿದರೆ ಬಿಡುವುದಿಲ್ಲ. ನನಗೇನೋ ಇಷ್ಟವೇ, ಮಗ ಮುಖ ಸಿಂಡರಿಸುತ್ತಾನೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಅಳೆದೆ. ಕಿಟಕಿಯ ಮೇಲೆ ಬಿಟ್ಟಿರುವುದು 3 ಇಂಚು. ವಾರ್ನಿಷ್ ಡಬ್ಬಿ ವಾಪಸ್ ಹೋಗುತ್ತಿದೆ.

ಉತ್ತರ 1: ಕಿಟಕಿ ಇನ್ನೂ ಕೂರಿಸಿಲ್ಲ ತಾನೇ? ಬಚಾವ್. 3 ಇಂಚು 4 ಅಡಿ ಎತ್ತರದ ಕಿಟಕಿಗಷ್ಟೇ ಸಾಕು, ಅದಕ್ಕಿಂತ ಎತ್ತರದ್ದಾದರೆ ಈಗಲೇ ಮೇಲೆ ಕೊಯ್ಯಿಸಿ. ನಡುವಿನ ಕಂಬಕ್ಕೆ ಇವತ್ತೇ ಪೆನ್ಸಿಲ್‌ನಲ್ಲಿ ತಾರೀಖು ಹಾಕಿ ಗುರುತು ಮಾಡಿ, ಪಕ್ಕದ ಗೋಡೆ ಎಷ್ಟು ಇಳಿಯಿತು ಅಂತ ತಿಂಗಳಿಗೊಮ್ಮೆ ನೋಡಿ.