ಒಂದು ಎಸಳು ತಿರುಗಿಸಿ ವೃತ್ತದ ಡಿಸೈನ್: ಪ್ರಶ್ನೆ ಇಲ್ಲೇ ಕೇಳಿ

ವಿನ್ಯಾಸಕಿ: ಈ ವಿಷಯವನ್ನು ಗುಂಪಿನಲ್ಲಿ ತುಂಬ ಜನ ಕೇಳುತ್ತಿದ್ದೀರಿ, ಅದಕ್ಕೇ ಒಂದೇ ಕಡೆ ಉತ್ತರ ಕೊಡೋಣ ಅಂತ. ಒಂದು ಆಕಾರ ಬರೆದು, ಅದನ್ನು ಒಂದು ಕೇಂದ್ರದ ಸುತ್ತ ತಿರುಗಿಸಿ ಕಾಪಿ ಮಾಡುತ್ತಾ ವೃತ್ತ ತುಂಬಿಸುವುದು. ಯಾವ ಸಾಫ್ಟ್‌ವೇರ್ ಅಂತ ಹೇಳಿ ಕೇಳಿ. ಲೇಯರ್ ಪ್ಯಾನೆಲ್ (ಚಿತ್ರದ ಪದರಗಳ ಪಟ್ಟಿ) ಕಾಣುವ ಹಾಗೆ ಸ್ಕ್ರೀನ್‌ಶಾಟ್ ಹಾಕಿದರೆ ಇನ್ನೂ ಒಳ್ಳೆಯದು.

ಹೊಸ ಪೆನ್ಸಿಲ್: ನಮಸ್ತೆ ಮೇಡಂ. ಫೋಟೋಶಾಪ್. ಎಸಳನ್ನು ತಿರುಗಿಸಿದರೆ ನಿಂತಲ್ಲೇ ತಿರುಗುತ್ತದೆ, ಸುತ್ತ ಹೋಗುವುದೇ ಇಲ್ಲ.

ವಿನ್ಯಾಸಕಿ: ತಿರುಗುವ ಬಿಂದು ಎಸಳಿನ ನಡುವೆಯೇ ಇದೆ, ಅದನ್ನು ಡಿಸೈನಿನ ಕೇಂದ್ರಕ್ಕೆ ತರಬೇಕು. ಕಂಟ್ರೋಲ್ ಟಿ ಒತ್ತಿ. ಮೇಲಿನ ಪಟ್ಟಿಯಲ್ಲಿ ರೆಫರೆನ್ಸ್ ಪಾಯಿಂಟ್ ಹತ್ತಿರದ ಚೌಕಕ್ಕೆ ಟಿಕ್ ಹಾಕಿ. ಹೊಸ ಆವೃತ್ತಿಗಳಲ್ಲಿ ಟಿಕ್ ಹಾಕದೆ ಅದು ಕಾಣುವುದಿಲ್ಲ. ಆಗ ಬರುವ ಸಣ್ಣ ಗುರುತನ್ನು ಎಳೆದು, ಕೇಂದ್ರ ತೋರಿಸಲು ಇಟ್ಟ ಗೈಡ್ ಗೆರೆಗಳು ಸೇರುವ ಜಾಗಕ್ಕೆ ತನ್ನಿ. ಕೋನ 30 ಅಂತ ಬರೆದು ಎಂಟರ್. ಆಮೇಲೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದು ಟಿ ಒತ್ತಿ. ಒಂದೊಂದು ಸಲಕ್ಕೂ ಒಂದು ಕಾಪಿ ಮುಂದೆ ತಿರುಗಿ ಕೂರುತ್ತದೆ. 12 ಎಸಳಿಗೆ 11 ಸಲ.

ಬಣ್ಣದ ಡಬ್ಬಿ: 8 ಎಸಳಿಗೆ ಕೋನ ಎಷ್ಟು ಮೇಡಂ?

ವಿನ್ಯಾಸಕಿ: 360 ಅನ್ನು ಎಸಳಿನ ಲೆಕ್ಕದಿಂದ ಭಾಗಿಸಿ. 8ಕ್ಕೆ 45.

ಏಳು ಸುತ್ತು: 7 ಎಸಳಿಗೆ 51.4 ಹಾಕಿದೆ. ಕೊನೆಯಲ್ಲಿ ಸ್ವಲ್ಪ ಸಂದು ಉಳಿಯುತ್ತಿದೆ.

ವಿನ್ಯಾಸಕಿ: 51.4 ಅನ್ನು ಏಳರಿಂದ ಗುಣಿಸಿದರೆ 359.8. ಆ 0.2 ಡಿಗ್ರಿಯೇ ನಿಮ್ಮ ಸಂದು. ಕೇಂದ್ರದಿಂದ 1000 ಪಿಕ್ಸೆಲ್ ದೂರದಲ್ಲಿ ಅದು ಮೂರೂವರೆ ಪಿಕ್ಸೆಲ್ ಆಗುತ್ತದೆ, ಕಣ್ಣಿಗೆ ಬೀಳುತ್ತದೆ. 51.43 ಹಾಕಿ. ಇಲ್ಲಸ್ಟ್ರೇಟರ್ ಆದರೆ ಕೋನದ ಜಾಗದಲ್ಲೇ ಭಾಗಾಕಾರ ಬರೆಯಬಹುದು, ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಮೊಬೈಲ್ ಕಲೆ: ಇದನ್ನೆಲ್ಲ ಮೊಬೈಲಲ್ಲಿ ಮಾಡಬಹುದಾ?

ಮಸುಕು ಗೆರೆ: ಫೋಟೋಶಾಪ್, 24 ಎಸಳು. ಮೊದಲನೆಯದು ಚೂಪಾಗಿದೆ, ಸುತ್ತು ಮುಗಿಯುವಷ್ಟರಲ್ಲಿ ಅಂಚೆಲ್ಲ ಮಸುಕು. ಪ್ರಿಂಟ್‌ಗೆ ಕೊಡಬೇಕು ಮೇಡಂ.

ಟಿಪ್ಸ್ ಸಂಗ್ರಹ: ನನಗೆ ಬಂದ ಫಾರ್ವರ್ಡ್ ಹಾಕುತ್ತಿದ್ದೇನೆ. ಇಮೇಜ್ ಸೈಜ್‌ಗೆ ಹೋಗಿ ರೆಸಲ್ಯೂಶನ್ (ಇಂಚಿಗೆ ಎಷ್ಟು ಪಿಕ್ಸೆಲ್) 72 ಇರುವುದನ್ನು 300 ಮಾಡಿ, ಮೇಲಿಂದ ಎರಡು ಸಲ ಶಾರ್ಪನ್ ಕೊಡಿ. ಎಂಥಾ ಮಸುಕಾದರೂ ಹೋಗುತ್ತದೆ. ನೂರಕ್ಕೆ ನೂರು.

ವಿನ್ಯಾಸಕಿ: ದಯವಿಟ್ಟು ಇದನ್ನು ಮಾಡಬೇಡಿ. 300 ಅಂತ ಬರೆದ ಮಾತ್ರಕ್ಕೆ ಕಳೆದುಹೋದ ವಿವರ ವಾಪಸ್ ಬರುವುದಿಲ್ಲ. ರೀಸ್ಯಾಂಪಲ್ (ಪಿಕ್ಸೆಲ್‌ಗಳ ಸಂಖ್ಯೆ ಬದಲಿಸುವ ಆಯ್ಕೆ) ಆನ್ ಇದ್ದರೆ ಸಾಫ್ಟ್‌ವೇರ್ ಅಂದಾಜಿನಿಂದ ಪಿಕ್ಸೆಲ್ ತುಂಬಿಸುತ್ತದೆ, ಆಫ್ ಇದ್ದರೆ ಪ್ರಿಂಟಿನ ಅಳತೆ ಚಿಕ್ಕದಾಗುತ್ತದೆ ಅಷ್ಟೇ. ಶಾರ್ಪನ್ ಕೊಟ್ಟರೆ ಅಂಚಿಗೆ ಬಿಳಿ ಗೆರೆ ಬರುತ್ತದೆ, ಪ್ರಿಂಟಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ.

ಮಸುಕು ಯಾಕೆ ಬಂತು ಅಂದರೆ, ನಿಮ್ಮ ಎಸಳು ಪಿಕ್ಸೆಲ್ ಲೇಯರ್, ಅಂದರೆ ಬಣ್ಣದ ಚುಕ್ಕೆಗಳಿಂದಾದ ಚಿತ್ರ. ಎರಡನೆಯದು ಮೊದಲನೆಯದರಿಂದ, ಮೂರನೆಯದು ಎರಡನೆಯದರಿಂದ, ಹೀಗೆ ತಿರುಗಿಸಿದ್ದನ್ನೇ ಮತ್ತೆ ತಿರುಗಿಸಿದ್ದೀರಿ. ಪ್ರತಿ ಸಲವೂ ಪಿಕ್ಸೆಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕುವುದರಿಂದ ಅಂಚು ಸ್ವಲ್ಪ ಸ್ವಲ್ಪ ಕರಗುತ್ತಾ ಬಂದಿದೆ. ಮೊದಲನೆಯದನ್ನು ಇಟ್ಟುಕೊಂಡು ಉಳಿದ 23 ಅಳಿಸಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರವನ್ನು ಹಾಗೇ ಒಳಗೆ ಇಟ್ಟುಕೊಳ್ಳುವ ಲೇಯರ್) ಮಾಡಿ. ಆಮೇಲೆ ತಿರುಗಿಸಿ. ಆಗ ಪ್ರತಿ ಕಾಪಿಯೂ ಮೂಲ ಚಿತ್ರದಿಂದಲೇ ಬರುತ್ತದೆ. ಇನ್ನೊಂದು ಲಾಭ, ಒಂದನ್ನು ತೆರೆದು ಬಣ್ಣ ಬದಲಿಸಿದರೆ 24ರಲ್ಲೂ ಬದಲಾಗುತ್ತದೆ.

ವೆಕ್ಟರ್ ವಾದಿ: ಇಷ್ಟು ಕಷ್ಟ ಯಾಕೆ? ಇಂತಹ ಕೆಲಸಕ್ಕೆ ಫೋಟೋಶಾಪ್ ಮುಟ್ಟಲೇಬಾರದು. ಇಂಕ್‌ಸ್ಕೇಪಲ್ಲಿ ರೊಟೇಟ್ ಕಾಪೀಸ್ ಅಂತ ಪಾತ್ ಎಫೆಕ್ಟ್ ಇದೆ, ಲೆಕ್ಕ ಕೊಟ್ಟರೆ ಮುಗಿಯಿತು. ಹಣವೂ ಕೊಡಬೇಕಿಲ್ಲ.

ಬ್ರಷ್ ಪ್ರೇಮಿ: ಎಲ್ಲರೂ ಪೆನ್ ಟೂಲ್ ಹಿಡಿದು ಕೂರಬೇಕಾ? ಬ್ರಷ್‌ನ ಒರಟು ಗೆರೆ, ಪಿಕ್ಸೆಲ್ ಬದಲು ಗಣಿತದ ಗೆರೆಗಳಿಂದಾಗುವ ವೆಕ್ಟರಲ್ಲಿ ಬರುತ್ತದಾ ಹೇಳಿ. ಜಿಂಪ್‌ನಲ್ಲಿ 2018ರ 2.10 ಆವೃತ್ತಿಯಿಂದ ಸಿಮ್ಮೆಟ್ರಿ ಪೇಂಟಿಂಗ್ ಇದೆ. ಮಂಡಲ ಆರಿಸಿ ಒಂದು ಕಡೆ ಎಳೆದರೆ ಸುತ್ತಲೂ ಬೀಳುತ್ತದೆ. ಅದೂ ಉಚಿತವೇ.

ವೆಕ್ಟರ್ ವಾದಿ: ದೊಡ್ಡದು ಮಾಡಿದ ಮೇಲೆ ನಿಮ್ಮ ಒರಟು ಗೆರೆ ಹೇಗಿರುತ್ತದೆ ನೋಡಿ.

ಬ್ರಷ್ ಪ್ರೇಮಿ: ಮೊದಲೇ ದೊಡ್ಡ ಕ್ಯಾನ್‌ವಾಸ್ ತಗೊಂಡರೆ ಆಯಿತಲ್ವಾ. ಸುಮ್ನೆ ಹೆದರಿಸಬೇಡಿ.

ಹೊಸ ಪೆನ್ಸಿಲ್: ಜಿಂಪಲ್ಲಿ ಮಂಡಲ ಆನ್ ಮಾಡಿದೆ, ಆದರೆ ನಾನು ಮೊದಲೇ ಬರೆದಿದ್ದ ಎಸಳು ಸುತ್ತಲೂ ಬರಲಿಲ್ಲ.

ವಿನ್ಯಾಸಕಿ: ಬರುವುದಿಲ್ಲ. ಅದು ಆನ್ ಮಾಡಿದ ಮೇಲೆ ಎಳೆಯುವ ಗೆರೆಗೆ ಮಾತ್ರ.

ಹದಿನಾರು ದಳ: ಮೇಡಂ, ಫೋಟೋಶಾಪಲ್ಲಿ ಅಗಲವಾದ 16 ಎಸಳು, ಒಂದರ ಮೇಲೊಂದು ಅರ್ಧ ಬರುವ ಹಾಗೆ. ಪ್ರತಿಯೊಂದೂ ತನ್ನ ಹಿಂದಿನದರ ಮೇಲೆ ಕೂತಿದೆ. ಕೊನೆಯದು ಮಾತ್ರ ಎರಡೂ ಪಕ್ಕದವುಗಳ ಮೇಲೆ ಬರುತ್ತದೆ. ತೀರಾ ಕೆಳಗೆ ಹಾಕಿದರೆ ಎರಡರ ಕೆಳಗೂ ಹೋಗುತ್ತದೆ. ಲೇಯರ್ ಹಿಂದೆ ಮುಂದೆ ಮಾಡಿ ಸಾಕಾಯಿತು.

ವಿನ್ಯಾಸಕಿ: ಇದು ನನಗೆ ಇಷ್ಟವಾದ ಪ್ರಶ್ನೆ. ಲೇಯರ್‌ಗಳನ್ನು ಹೇಗೆ ಜೋಡಿಸಿದರೂ ಇದು ಸರಿಹೋಗುವುದಿಲ್ಲ, ಆ ಪ್ರಯತ್ನ ಬಿಟ್ಟುಬಿಡಿ. ಲೇಯರ್ ಪ್ಯಾನೆಲ್ ನೇರ ಏಣಿ, ನಿಮ್ಮ ಡಿಸೈನ್ ಬಳೆ. ಏಣಿಗೆ ಮೇಲಿನ ಮೆಟ್ಟಿಲು ಇದ್ದೇ ಇರುತ್ತದೆ, ಆ ಮೆಟ್ಟಿಲಲ್ಲಿರುವ ಎಸಳು ಎರಡೂ ಕಡೆ ಮೇಲೆ ಬಂದೇ ಬರುತ್ತದೆ.

ಎಸಳು ಅಕ್ಕಪಕ್ಕದ ಒಂದೊಂದನ್ನು ಮಾತ್ರ ಮುಟ್ಟುತ್ತಿದ್ದರೆ ಸುಲಭ. ಮೊದಲ ಎಸಳಿನ ಕಾಪಿ ಮಾಡಿ ಎಲ್ಲಕ್ಕಿಂತ ಮೇಲೆ ತನ್ನಿ. ಲೇಯರ್ ಮಾಸ್ಕ್ (ಅಳಿಸದೆ ಭಾಗವನ್ನು ಮರೆ ಮಾಡುವ ಪರದೆ) ಹಾಕಿ, 16ನೆಯದರ ಕಡೆಯ ಅರ್ಧ ಉಳಿಸಿ, ಎರಡನೆಯದರ ಕಡೆಯ ಅರ್ಧ ಮರೆ ಮಾಡಿ. ಕೆಳಗೆ ಅದೇ ಎಸಳು ಅದೇ ಜಾಗದಲ್ಲಿ ಇರುವುದರಿಂದ ಕತ್ತರಿಸಿದ ಗುರುತು ಕಾಣುವುದಿಲ್ಲ.

ಆದರೆ ನಿಮ್ಮ ಎಸಳು ಅಗಲ, ಪಕ್ಕದ್ದರ ಆಚೆಯದನ್ನೂ ಮುಟ್ಟುತ್ತಿದೆ. ನಿಮಗೆ ಸರಿಯಾದ ಜಾಗದಿಂದ ಒಂದು ತುಂಡು ಕತ್ತರಿಸಿ ಅದನ್ನೇ ಸುತ್ತ ತಿರುಗಿಸುವ ದಾರಿಯೇ ಸರಿ. ತಪ್ಪು ಕಾಣುವ ಜಾಗಕ್ಕೆ ಎದುರಿನ ಕಡೆ, ಅಂದರೆ ಎಂಟನೇ ಎಸಳಿನ ಸುತ್ತಮುತ್ತ, ಜೋಡಣೆ ಸರಿಯಾಗಿದೆ. ಬ್ಯಾಕ್‌ಗ್ರೌಂಡ್ ಮರೆ ಮಾಡಿ. ಮೇಲಿನ ಲೇಯರ್ ಆರಿಸಿಕೊಂಡು ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆ ಇ ಒತ್ತಿದರೆ ಕಾಣುವುದೆಲ್ಲ ಒಂದೇ ಹೊಸ ಲೇಯರ್ ಆಗಿ ಬರುತ್ತದೆ. ಅದರಿಂದ ಕೇಂದ್ರಕ್ಕೆ ಚೂಪಾಗುವ ಒಂದು ತುಂಡು ಮಾತ್ರ ಉಳಿಸಿ. ಲೆಕ್ಕದ ಪ್ರಕಾರ 22.5 ಡಿಗ್ರಿ ಸಾಕು, ಆದರೆ ನೀವು 23.5 ಇಡಿ. ಸರಿಯಾಗಿ 22.5ಕ್ಕೆ ಕತ್ತರಿಸಿದರೆ ಎರಡು ತುಂಡು ಸೇರುವಲ್ಲಿ ಕೂದಲೆಳೆಯ ಗೆರೆ ಕಾಣುತ್ತದೆ, ಅಂಚಿನ ಪಿಕ್ಸೆಲ್ ಅರ್ಧ ಪಾರದರ್ಶಕವಾಗಿರುತ್ತದಲ್ಲ, ಅದಕ್ಕೆ. ಒಂದು ಡಿಗ್ರಿ ಜಾಸ್ತಿ ಇದ್ದರೆ ಅದೇ ಚಿತ್ರದ ಮೇಲೆ ಅದೇ ಚಿತ್ರ ಕೂತು ಗೆರೆ ಮುಚ್ಚಿಹೋಗುತ್ತದೆ. ತುಂಡನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ 22.5ರಂತೆ ತಿರುಗಿಸಿ. ನಟ್ಟನಡುವೆ ಎಲ್ಲ ಎಸಳೂ ಒಟ್ಟಿಗೆ ಸೇರುವಲ್ಲಿ ಗೊಂದಲ ಉಳಿದರೆ ಒಂದು ವೃತ್ತ ಇಟ್ಟು ಮುಚ್ಚಿ.

ಬಣ್ಣ ಪಾರದರ್ಶಕವಾಗಿದ್ದರೆ ಇದು ಬೇಡ, ಜಾಸ್ತಿ ಇಟ್ಟ ಪಟ್ಟಿ ಗಾಢವಾಗುತ್ತದೆ. ಆಗ ಎಲ್ಲ ಎಸಳಿಗೂ ಮಲ್ಟಿಪ್ಲೈ (ಮೇಲಿನ ಕೆಳಗಿನ ಬಣ್ಣಗಳನ್ನು ಗುಣಿಸಿ ಬೆರೆಸುವ ಬ್ಲೆಂಡ್ ಮೋಡ್) ಕೊಡಿ. ಗುಣಾಕಾರದಲ್ಲಿ ಯಾವುದು ಮೊದಲು ಬಂದರೂ ಉತ್ತರ ಒಂದೇ, ಹಾಗಾಗಿ ಮೇಲೆ ಕೆಳಗೆ ಅನ್ನುವ ಸಮಸ್ಯೆಯೇ ಇರುವುದಿಲ್ಲ.

ಟಿಪ್ಸ್ ಸಂಗ್ರಹ: ಇನ್ನೊಂದು ಫಾರ್ವರ್ಡ್: ಎಷ್ಟೇ ಎಸಳಿರಲಿ 15 ಡಿಗ್ರಿ ಇಟ್ಟರೆ ಯಾವಾಗಲೂ ಸರಿ ಬರುತ್ತದೆ.

ವಿನ್ಯಾಸಕಿ: 15 ಇಟ್ಟರೆ 24 ಎಸಳಿಗೆ ಸರಿ. ಬೇರೆ ಲೆಕ್ಕಕ್ಕೆ ತಪ್ಪು. ನೀವು ಮಾಡಿ ನೋಡದೆ ಇರುವುದನ್ನು ಇಲ್ಲಿ ಹಾಕಬೇಡಿ, ಜನ ಅದನ್ನು ನಂಬಿ ಕೆಲಸ ಹಾಳು ಮಾಡಿಕೊಳ್ಳುತ್ತಾರೆ.

ಟಿಪ್ಸ್ ಸಂಗ್ರಹ: ಒಳ್ಳೆಯದಾಗಲಿ ಅಂತ ಹಾಕಿದೆ. ಇಷ್ಟು ಕೋಪ ಯಾಕೆ?

ವೆಕ್ಟರ್ ವಾದಿ: ಕೋಪ ಅಲ್ಲ, ಸರಿಯಾಗಿಯೇ ಹೇಳಿದ್ದಾರೆ.

ಬ್ರಷ್ ಪ್ರೇಮಿ: ನಿಮ್ಮನ್ನು ಯಾರು ಕೇಳಿದರು?

ಬಣ್ಣದ ಡಬ್ಬಿ: 12 ಎಸಳಿಗೆ ಕೋನ ಎಷ್ಟು?

ವಿನ್ಯಾಸಕಿ: ಮೇಲೆ ಓದಿ.

ಹೊಸ ಪೆನ್ಸಿಲ್: ವೃತ್ತದ ಸುತ್ತ ಅಕ್ಷರ ಬರೆಯುವುದು ಹೇಗೆ?

ಹದಿನಾರು ದಳ: ಗೆರೆ ಹೋಯಿತು ಮೇಡಂ! ತುಂಬ ಥ್ಯಾಂಕ್ಸ್. ಆದರೆ ಹಿಂದೆ ನೀಲಿ ಹಾಕಿದರೆ ಎಸಳುಗಳ ನಡುವೆ ಬಿಳಿ ಕಾಣುತ್ತಿದೆ.

ವಿನ್ಯಾಸಕಿ: ಬ್ಯಾಕ್‌ಗ್ರೌಂಡ್ ಮರೆ ಮಾಡದೆ ಒಂದು ಮಾಡಿದ್ದೀರಿ, ತುಂಡಿನ ಜೊತೆ ಬಿಳಿಯೂ ಬಂದಿದೆ. ಹಳೆಯ ಲೇಯರ್‌ಗಳು ಇನ್ನೂ ಇದ್ದರೆ ಅಲ್ಲಿಂದ ಮತ್ತೆ ಮಾಡಿ ಇಲ್ಲಿ ಹಾಕಿ. ವೆಕ್ಟರ್, ಬ್ರಷ್ ಜಗಳ ಬೇರೆ ಕಡೆ ಮಾಡಿಕೊಳ್ಳಿ, ಇವರ ಚಿತ್ರ ಹುಡುಕುವುದೇ ಕಷ್ಟವಾಗುತ್ತಿದೆ.

ಮೊಬೈಲ್ ಕಲೆ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.